ಸುಣ್ಣದ ಕಲ್ಲು

ಶೂಗಳ ಲೇಸು ಕೆಂಪು, ದರ್ಜಿಯ ಮಗಳು ಶಾಲೆಯ ಮೈದಾನದಲ್ಲಿ ಒಂದು ಕಾಲು ಮಡಿಸಿ ಕುಳಿತು ಕಟ್ಟಿಕೊಳ್ಳುತ್ತಿದ್ದಾಳೆ, ಕಾಲೇಜಿನವರೇ ಅಳತೆ ಕೇಳಿ ಕಳಿಸಿದ ಶೂ, ನನ್ನ ಗುಬ್ಬಿಯ ಪಾದದ ಅಳತೆ ಯಾರೂ ಕೇಳಲಿಲ್ಲ, ನನ್ನ ಮಗಳು ಬರಿಗಾಲಲ್ಲೇ ಓಡಿದಳು — ಹೋಗಿ ಹನ್ನೊಂದು ತಿಂಗಳು, ಮೂರು ದಿನದ ಜ್ವರ, ಮೂವತ್ತನಾಲ್ಕು ವರ್ಷ, ದೇವರೇ ನಿನ್ನ ಇಚ್ಛೆ, ನಾನು ಕೇಳುವವನಲ್ಲ, ಆದರೂ ದಿನವೂ ಕೇಳುತ್ತೇನೆ, ಅವಳಿಗೆ ಯಾಕೆ ಇಲ್ಲ, ಇವಳಿಗೆ ಯಾಕೆ. ದರ್ಜಿ ಹಲ್ಲು ಕಿರಿಯುತ್ತಾನೆ, ನನ್ನ ಮಗಳು ಓಡೋದು ಯಾಕೆ ಗೊತ್ತಾ ಮೇಷ್ಟ್ರೇ, ಮನೇಲಿ ಕಾಜಾ ಹೊಲಿಯೋದು ತಪ್ಪಿಸ್ಕೊಳ್ಳೋಕೆ, ನಾನೂ ನಗುತ್ತೇನೆ, ನಕ್ಕ ಬಾಯಿ ಕಹಿ. ಕಾಲೇಜಿನ ಕೋಚ್ ಮೇಡಂ ಬೆಳಗಿನ ಬಸ್ಸಿಗೇ ಬಂದಿಳಿದಿದ್ದಾಳೆ, ಹಳ್ಳಿ ಮಕ್ಕಳು ನಮ್ಮನ್ನ ಹುಡುಕ್ಕೊಂಡು ಬರೋದಲ್ಲ ಮೇಷ್ಟ್ರೇ, ನಾವೇ ಬರಬೇಕು, ಸೀಟು, ಹಾಸ್ಟೆಲ್, ಊಟ ಎಲ್ಲ ನಮ್ಮದು, ನೂರು ಮೀಟರ್ ಹದಿಮೂರು ಸೆಕೆಂಡ್ ಒಳಗೆ ಓಡಿದ್ರೆ ಸಾಕು — ಒಳ್ಳೆಯ ಮಾತು, ಹದಿನೇಳು ವರ್ಷ ತಡವಾಗಿ ಬಂದ ಒಳ್ಳೆಯ ಮಾತು, ಅಂದೂ ಹದಿಮೂರೇ ಇತ್ತು, ಆದರೆ ಅಂದು ಯಾರೂ ಬರುತ್ತಿರಲಿಲ್ಲ, ಸಮಯ ಬರೆದು ಕಳಿಸಿ ಎಂದಿದ್ದರು, ಡ್ರಿಲ್ ಮೇಷ್ಟ್ರು ನಾನೇ, ಗಡಿಯಾರ ಹಿಡಿದವನೂ ನಾನೇ, ಹದಿಮೂರೂವರೆ ಎಂದು ಸುಳ್ಳಿಲ್ಲದೆ ಬರೆದೆ, ದೇವರಿಗೆ ಹೆದರುವವನು ಮಗಳಿಗಾಗಿಯೂ ಅರ್ಧ ಸೆಕೆಂಡು ಕದಿಯಲಿಲ್ಲ ಎಂದು ಎಷ್ಟು ಹೆಮ್ಮೆ. ಎರಡು ಸಾಲಿನ ಉತ್ತರ ಬಂತು, ಗುಬ್ಬಿ ಓದಿ ಮಡಿಸಿಟ್ಟಳು, ಹೋಗಲಿ ಬಿಡಪ್ಪ, ನನ್ನ ಕಾಲು ಅಷ್ಟೇ.

ಮೇಷ್ಟ್ರಜ್ಜ, ನನಗೋಸ್ಕರ ದೇವರ ಹತ್ರ ಒಂದು ಮಾತು ಹೇಳಿ ಎನ್ನುತ್ತಾಳೆ ದರ್ಜಿಯ ಮಗಳು, ಹೇಳ್ತೀನಿ ಮಗಾ, ಕಣ್ಣು ಮುಚ್ಚಿದರೆ ನಾಲಿಗೆಗೆ ಬರುವುದು ಒಂದೇ — ಎಡವಲಿ, ಕೆಂಪು ಲೇಸು ಬಿಚ್ಚಿ ಕಾಲಿಗೆ ಸುತ್ತಿಕೊಳ್ಳಲಿ — ಛೀ, ಈ ಬಾಯಲ್ಲೇ ನಿನ್ನ ಹೆಸರು ಹೇಳುತ್ತೇನಲ್ಲ, ಕ್ಷಮಿಸು. ಮೇಡಂ ಉಕ್ಕಿನ ಟೇಪಿನ ತುದಿ ನನ್ನ ಕೈಗಿತ್ತು, ಬಿಚ್ಚುತ್ತಾ ನಡೆದು ದೂರದಲ್ಲಿ ಬಗ್ಗಿದಳು, ಕೂಗಿದಳು, ಮೇಷ್ಟ್ರೇ, ನೂರು ಇಲ್ಲೇ ಮುಗೀತು, ಆ ಬಿಳಿ ಕಲ್ಲು ಯಾರು ನೆಟ್ಟಿದ್ದು, ಆರು ಮೀಟರ್ ಆಚೆ ಇದೆಯಲ್ಲ. ದರ್ಜಿ ಅಂದ, ನಮ್ಮ ಮೇಷ್ಟ್ರೇ ನೆಟ್ಟಿದ್ದು, ಅವರ ಅಳತೆ ಅಂದ್ರೆ ಅಳತೆ. ನಾನೇ, ಗುಬ್ಬಿ ಓಡುವುದಕ್ಕೂ ಮುಂಚೆ, ಬಾವಿಯ ಹಗ್ಗದಲ್ಲಿ, ಬಟ್ಟೆ ಅಂಗಡಿಯ ಮೀಟರ್ ಕೋಲಿಟ್ಟು ಹತ್ತು ಮೀಟರಿಗೆ ಗಂಟು ಹಾಕಿದಾಗ ಹಗ್ಗ ನೆಲದ ಮೇಲೆ ಸಡಿಲವಾಗಿ ಬಿದ್ದಿತ್ತು, ಮೈದಾನದಲ್ಲಿ ಹತ್ತು ಸಲವೂ ಬಿಗಿಯಾಗಿ ಎಳೆದೆ, ಹಿಗ್ಗಿತು, ಪ್ರತಿ ಸಲ ಹಿಗ್ಗಿತು — ಹಾಗಾದರೆ ಹದಿಮೂರೂವರೆ ನೂರಕ್ಕಲ್ಲ, ನೂರಾರಕ್ಕೆ, ಹಾಗಾದರೆ ನೂರಕ್ಕೆ ಹದಿಮೂರರ ಒಳಗೇ ಗುಬ್ಬಿ, ಇವಳಿಗಿಂತಲೂ — ನಿನ್ನ ಕಾಲಲ್ಲ ಮಗಳೇ, ನನ್ನ ಹಗ್ಗ. ಸೀಟಿ ಕೇಳಿತು, ದರ್ಜಿಯ ಮಗಳು ಓಡುತ್ತಿದ್ದಾಳೆ, ಎಡವಲಿಲ್ಲ, ಟೇಪಿನ ನೂರರ ಗುರುತು ದಾಟಿದಳು, ಸಾಕು ನಿಲ್ಲಮ್ಮ ಎನ್ನುತ್ತಾಳೆ ಮೇಡಂ, ನಿಲ್ಲುವುದಿಲ್ಲ, ಕಲ್ಲು ಮುಟ್ಟೋವರೆಗೂ ನಿಲ್ಲಬೇಡಿ ಎಂದು ಎಲ್ಲ ಮಕ್ಕಳಿಗೂ ಕಲಿಸಿದವನು ನಾನು, ಬಗ್ಗಿ ಅಂಗೈಯಿಂದ ಮುಟ್ಟುತ್ತಾಳೆ, ಗುಬ್ಬಿಯೂ ಹೀಗೆಯೇ ಬಗ್ಗಿ, ಏದುಸಿರು ಬಿಡುತ್ತಾ, ಎಷ್ಟಪ್ಪ ಎಂದು ತಿರುಗಿ ನನ್ನ ಕಡೆ, ಅಂಗೈಗೆಲ್ಲ ಬಿಳಿ, ವರ್ಷವರ್ಷವೂ ನಾನೇ ಬಳಿದ ಸುಣ್ಣ, ಅಂಗೈಗೆಲ್ಲ ಬಿಳಿ —