ಕೊನೆಯ ಮೂರು ನಿಮಿಷದ ಅಳು

ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವುದು ನನ್ನ ಕೆಲಸ. ಈ ಸರ್ಕಾರಿ ಸಿನಿಮಾವನ್ನು ಹೆಂಗಸರೆಲ್ಲ ನೋಡಲೇಬೇಕಂತೆ. ಅದರಲ್ಲಿ ಸರ್ಕಾರದ ಪರ್ಮಿಟ್ ಇಲ್ಲದೆ ಹೆತ್ತವಳೊಬ್ಬಳು ಕೊನೆಗೆ ಕೂಸನ್ನು ಗೋಡೆಯ ಹಿಂದೆ ಬಚ್ಚಿಡುತ್ತಾಳಂತೆ. ಆಮೇಲೆ ತೆರೆಯೆಲ್ಲ ಕಪ್ಪು, ಮೂರು ನಿಮಿಷ ಬರೀ ಅಳು ಇರುತ್ತಂತೆ.

"ಇಷ್ಟುದ್ದ ಯಾಕೆ ಸಾರ್? ತಲೆ ಚಿಟ್ಟು ಹಿಡಿಯುತ್ತೆ" ಎಂದೆ.

"ನೀನು ಸಿನಿಮಾ ನೋಡ್ಬೇಡಮ್ಮ, ರವಿಕೆ ನೋಡು" ಎಂದರು ಜನನ ಇಲಾಖೆಯ ಇನ್ಸ್‌ಪೆಕ್ಟರ್. "ಮನೇಲಿ ಕೂಸು ಬಚ್ಚಿಟ್ಟೋಳಿಗೆ ಅಳು ಕೇಳಿದ್ರೆ ಹಾಲು ಇಳಿಯುತ್ತೆ. ಒದ್ದೆಯಾದೋರ ಸೀಟ್ ನಂಬರ್ ಬರ್ಕೋ."

ಮೊದಲ ಮ್ಯಾಟಿನಿಯಲ್ಲಿ ತೆರೆ ಕಪ್ಪಾಯಿತು. ಮೂರು ಸಲ ಚೀರಿ ಒಂದು ಬಿಕ್ಕಳಿಕೆ, ಮತ್ತೆ ಮೂರು ಸಲ ಚೀರಿ ಒಂದು ಬಿಕ್ಕಳಿಕೆ. ಎರಡು ತಿಂಗಳ ಹಿಂದೆ ಇಲಾಖೆಯವರು ನನ್ನ ಮಡಿಲಿನಿಂದ ಕಿತ್ತುಕೊಂಡು ಹೋದ ಮಗಳು ಅಳುತ್ತಿದ್ದದ್ದು ಹೀಗೇ. "ಒಳ್ಳೇ ಮನೇಲಿದಾಳೆ, ಅಳೋದೇ ಇಲ್ಲ" ಎಂದು ಹೋದ ವಾರವೂ ಹೇಳಿದ್ದರು.

ಟಾರ್ಚ್ ಆರಿಸಿಬಿಟ್ಟೆ. ಯಾರ ರವಿಕೆಯನ್ನೂ ನೋಡಲಿಲ್ಲ.

ಜನ ಹೊರಟ ಮೇಲೆ ಇನ್ಸ್‌ಪೆಕ್ಟರ್ ಬಂದರು. "ಎಷ್ಟು ಜನ ಸಿಕ್ಕಿದ್ರು?"

"ಒಬ್ಬಳೇ ಸಾರ್. ಸೀಟಿರಲಿಲ್ಲ, ನಿಂತಿದ್ಲು" ಎಂದು ಟಾರ್ಚ್ ಹಚ್ಚಿ ನನ್ನ ಎದೆಗೆ ಹಿಡಿದೆ.