ಬೀಗ ಹಾಕಿದ ಬಾಡಿಗೆ ಕೋಣೆ

ನಾರಾಯಣಪೇಟೆಯ ಸುಗುಣಮ್ಮ ತನ್ನ ಮನೆಯ ಹಿಂದಿನ ದೊಡ್ಡ ಕೋಣೆಯನ್ನು ನೇಕಾರ ಅಂಜಯ್ಯನಿಗೆ ಬಾಡಿಗೆಗೆ ಕೊಟ್ಟು ಆರು ವರ್ಷವಾಗಿತ್ತು. ರಜಾಕಾರರ ಹಾವಳಿ ಹೆಚ್ಚಿದ ಬೇಸಿಗೆಯಲ್ಲಿ ಅಂಜಯ್ಯ ಬಸುರಿ ಹೆಂಡತಿ ಸತ್ಯಮ್ಮನನ್ನು ಕರೆದುಕೊಂಡು ತುಂಗಭದ್ರೆಯಾಚೆಯ ಅವಳ ತವರಿಗೆ ಹೊರಟ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೆಯೇ ಇತ್ತು. ಬೀಗ ಹಾಕಿ ಕೀಲಿಯನ್ನು ಸುಗುಣಮ್ಮನ ಕಡೆ ಚಾಚಿದ.

“ನಿನ್ನ ಹತ್ರಾನ ಇರ್ಲಿ,” ಎಂದಳು ಆಕೆ. “ನೀವೇನು ಮನಿ ಬಿಟ್ಟು ಹೊಂಟಿಲ್ಲ. ಹೋಗಿ ಬರಾಕ ಹೊಂಟೀರಿ.”

ಆಷಾಢದಲ್ಲಿ ಸುಗುಣಮ್ಮನ ತಮ್ಮ ಬೀರಯ್ಯ ಧನ್ವಾಡದ ಕಡೆಯಿಂದ ಮಗಳು, ಮೊಮ್ಮಕ್ಕಳೊಂದಿಗೆ ಬಂದ. ಅವರ ಮನೆ ಸುಟ್ಟುಹೋಗಿತ್ತು.

“ಅಕ್ಕಾ, ಅಂಜಯ್ಯ ಇನ್ನು ಬರ್ತಾನೋ ಇಲ್ಲೋ. ಬೀಗ ಮುರದ್ರ ಇವ್ರಿಗೆ ನೆಳ್ಳಾಗ್ತೈತಿ.”

ಸುಗುಣಮ್ಮ ಮಕ್ಕಳ ಮುಖ ನೋಡಿದಳು. “ಅವ್ರು ಖಾಲಿ ಮಾಡ್ತೀವಂತ ಹೇಳಿಲ್ಲಪ್ಪ. ನಾನು ಹೆಂಗ ಬಾಗಲ ತೆಗೀಲಿ? ಇವ್ರು ನನ್ನ ಪಡಸಾಲ್ಯಾಗ ಇರ್ಲಿ. ನಾ ಅಡಿಗಿಮನ್ಯಾಗ ಮಲಗ್ತೀನಿ.”

ಬೀರಯ್ಯ ಮುನಿಸಿಕೊಂಡು ಎರಡು ದಿನ ಮಾತಾಡಲಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಕೋಣೆಯ ಮಣ್ಣಿನ ಮಾಳಿಗೆ ಮಗ್ಗದ ಹತ್ತಿರ ಸೋರುತ್ತದೆಂದು ಸತ್ಯಮ್ಮ ಹೋದ ವರ್ಷವೇ ಹೇಳಿದ್ದಳು. ಸರಿ ಮಾಡಿಸುತ್ತೇನೆ ಎಂದಿದ್ದ ಸುಗುಣಮ್ಮ ಮರೆತಿದ್ದಳು. ಆ ದಿನಗಳಲ್ಲಿ ಕೂಲಿಯವರೂ ಸಿಗುತ್ತಿರಲಿಲ್ಲ. ಮಳೆ ಬಿಡುವು ಕೊಟ್ಟ ಮುಂಜಾನೆ ಅರವತ್ತರ ಆಕೆ ಸೋರಿಕೆ ತಡೆಯುವ ಚೌಳು ಮಣ್ಣಿನ ಬುಟ್ಟಿ ಹೊತ್ತು ಏಣಿ ಹತ್ತಿದಳು. ಎರಡನೆಯ ಬುಟ್ಟಿಗೆಂದು ಇಳಿಯುವಾಗ ಕೆಳಗೆ ಬೀರಯ್ಯ ಏಣಿ ಹಿಡಿದು ನಿಂತಿದ್ದ.

“ನೀ ಮಣ್ಣು ತುಂಬಿ ಕೊಡು. ಮ್ಯಾಲ ನಾ ಹೋಗ್ತೀನಿ,” ಎಂದ. ಮಧ್ಯಾಹ್ನದವರೆಗೆ ಮಣ್ಣು ಹಾಸಿ ಬಡಿದ.

ಪೊಲೀಸ್ ಕಾರ್ಯಾಚರಣೆ ಮುಗಿದು ದಾರಿಗಳು ತೆರೆದ ಮೇಲೆ ಅಂಜಯ್ಯ, ಸತ್ಯಮ್ಮ ಹೆಣ್ಣುಕೂಸಿನೊಂದಿಗೆ ಮರಳಿದರು. ಬೀಗ ತೆಗೆದರು. ಗೋಡೆಯಲ್ಲಿ ನೀರಿಳಿದ ಕಲೆ. ಸೀರೆಯ ಅಂಚು ಒಂದು ಕಡೆ ಬಣ್ಣ ಬಿಟ್ಟಿತ್ತು.

“ನಂದ ತಪ್ಪು. ಹೋದ ವರ್ಷಾನ ಮಾಡಿಸಬೇಕಿತ್ತು,” ಎಂದಳು ಸುಗುಣಮ್ಮ, ಹೊಸ್ತಿಲಾಚೆ ನಿಂತೇ.

ಅಂಜಯ್ಯ ಅಂಚನ್ನು ಸವರಿದ. “ಗೇಣಷ್ಟು ಹೋಗೈತಿ, ಉಳಿದದ್ದು ಚಲೋ ಐತ್ರೀ ಅಮ್ಮಾರ.”

ತಮ್ಮ ಕೋಣೆಯ ಬೀಗ ಮುಟ್ಟದೆ ಆಕೆ ತನ್ನ ಜಾಗವನ್ನೇ ಬಿಟ್ಟುಕೊಟ್ಟದ್ದು ಪಡಸಾಲೆಯ ಮಕ್ಕಳನ್ನು ನೋಡಿಯೇ ಸತ್ಯಮ್ಮನಿಗೆ ಅರ್ಥವಾಗಿತ್ತು. “ಹೊರಗ್ಯಾಕ ನಿಂತೀರಿ? ಒಳಗ ಬರ್ರಿ,” ಎಂದು ಕೂಸನ್ನು ಆಕೆಯ ಕೈಗಿಟ್ಟಳು. “ಇನ್ನೂ ಹೆಸರಿಟ್ಟಿಲ್ರೀ. ನಮ್ಮ ಮನಿಗೆ ಹೋಗಿ ಇಡೋಣಂತ ಬಿಟ್ಟೀವಿ.”

ಮರುದಿನ ಆ ಕೋಣೆಯಲ್ಲೇ ತೊಟ್ಟಿಲು ಕಟ್ಟಿದರು. ಬೀರಯ್ಯನ ಮೊಮ್ಮಕ್ಕಳು ಸರದಿಯ ಮೇಲೆ ತೂಗಿದರು.