ಪಾಲಿನ ಹಂದಿ

"ಹೆಬ್ಬೆಟ್ಟು ಒತ್ತೇ ಹಲ್ಕಾ ಮುಂಡೆ. ನಿನ್ನ ಮಕ ನೋಡ್ಕಂಡು ನಿಂತ್ಕಳಕೆ ಡಾಕ್ಟ್ರಿಗೇನು ಬ್ಯಾರೆ ಗೇಮೆ ಇಲ್ವಾ?"

ಪಂಚಾಯ್ತಿ ಮೆಂಬರ್ ಅಶ್ವಥ್ ಹಟ್ಟಿಯ ಬೇಲಿಯಾಚೆಯೇ ನಿಂತು ಮೂಗಿಗೆ ಕರ್ಚೀಫು ಒತ್ತಿಕೊಂಡು ಬೈಯುತ್ತಿದ್ದ. ಮಾರಮ್ಮ, ರಕ್ತ ಪರೀಕ್ಷೆಗೆ ಬಂದಿದ್ದ ಸರ್ಕಾರಿ ಡಾಕ್ಟರು ಚಾಚಿದ ಇಂಕಿನ ಪ್ಯಾಡನ್ನೂ ಕಾಗದವನ್ನೂ ನೋಡಿದಳು. ಅವಳ ಮನಸ್ಸು ನಿಂತ ಕಡೆ ನಿಲ್ಲುತ್ತಿರಲಿಲ್ಲ. ಮೊಮ್ಮಗಳು ಭಾನುಪ್ರಿಯ ರಾಮನಗರದ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿ ಹದಿನೆಂಟು ದಿನವಾಗಿತ್ತು. ಹನ್ನೊಂದರ ಬಸ್ಸು ತಪ್ಪಿದರೆ ಮಗುವಿನ ಹತ್ತಿರ ಹೋಗಲು ಸಂಜೆಯಾಗುತ್ತದೆ.

ಬಂದಿದ್ದದ್ದು ಮಿದುಳು ಜ್ವರ. ಕಾರ್ಖಾನೆ ಮೋರಿಯ ನೀರು ನಿಂತ ಗದ್ದೆಯಲ್ಲಿ ಸೊಳ್ಳೆ ಹುಟ್ಟುತ್ತದೆ, ಹಂದಿಯನ್ನು ಕಚ್ಚುತ್ತದೆ, ಹಂದಿಯ ರಕ್ತದಿಂದ ರೋಗ ಹೊತ್ತುಕೊಂಡು ಮಕ್ಕಳನ್ನು ಕಚ್ಚುತ್ತದೆ ಎಂದು ಈ ಡಾಕ್ಟರೇ ಬಿಡಿಸಿ ಹೇಳಿದ್ದರು. ಯಾವ ಹಂದಿಯ ರಕ್ತದಲ್ಲಿ ರೋಗದ ಗುರುತು ಸಿಗುತ್ತದೋ ಅದರ ಒಡೆಯನ ಮನೆಯವರೆಲ್ಲರ ರಕ್ತ, ಸುತ್ತಲ ಮನೆಯವರ ರಕ್ತ ತೆಗೆದು ನೋಡಬೇಕು. ಬೆಳಿಗ್ಗೆ ಹಟ್ಟಿಯ ಮಕ್ಕಳೆಲ್ಲರ ಕೈಕಾಲು ಅದುಮಿ ರಕ್ತ ಎಳೆದಾಗಿತ್ತು. ಊರ ಬೀದಿಗೆ ಮಾತ್ರ ಸೂಜಿ ಹೋಗಿರಲಿಲ್ಲ.

ಎರಡು ವಾರದ ಹಿಂದೆ ಹಂದಿಗಳ ರಕ್ತ ತೆಗೆದ ದಿನ ಡಾಕ್ಟರು, ಇವೆಲ್ಲ ಯಾರವು ಎಂದು ಕೇಳಿದ್ದರು. ಹನ್ನೊಂದು ಹಂದಿಗೂ ಮಾರಮ್ಮ ನಮ್ಮವೇ ಅಂದುಬಿಟ್ಟಿದ್ದಳು. ರೂಢಿ ಅದು. ಅವುಗಳಲ್ಲಿ ಆರು ಅಶ್ವಥನ ಪಾಲಿನವು. ತಾಯಿಹಂದಿ ಅವನದು, ಸಾಕಣೆ ಇವಳದು, ಈದ ಮರಿಗಳಲ್ಲಿ ಅರ್ಧ ಅರ್ಧ. ಊರ ದೊಡ್ಡಮನೆಯವರು ಹಂದಿ ಸಾಕಿಸುತ್ತಾರೆಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಕೇಳಿದವರಿಗೆಲ್ಲ ನಮ್ಮವೇ ಅನ್ನಬೇಕು. ಮಾರಮ್ಮ ಏಳು ವರ್ಷದಿಂದ ಹಾಗೇ ಹೇಳಿಕೊಂಡು ಬಂದವಳು.

ಇವತ್ತು ಡಾಕ್ಟರು ರೋಗದ ಗುರುತು ಸಿಕ್ಕ ನಾಲ್ಕು ಹಂದಿಗಳ ಬೆನ್ನಿಗೆ ಕೆಂಪು ಬಣ್ಣ ಬಳಿದಿದ್ದರು. ನಾಲ್ಕೂ ಪಾಲಿನ ಹಂದಿಗಳೇ.

ಕಾಗದದಲ್ಲಿ ಏನಿದೆ ಎಂದು ಮಾರಮ್ಮ ಕೇಳಿದಳು. ಡಾಕ್ಟರು ಕಾಗದ ನೋಡುತ್ತಲೇ ಓದಿ ಹೇಳಿದರು. ರೋಗದ ಹಂದಿಗಳೆಲ್ಲ ನನ್ನವು, ಹಟ್ಟಿಯವರೆಲ್ಲ ಹಂದಿಗಳ ಜೊತೆ ಗುಡಿಸಲು ಕಿತ್ತುಕೊಂಡು ಹೋಗಲು ಒಪ್ಪಿದ್ದೇವೆ ಎಂದಿತ್ತು. ಕಾಗದ ಪಂಚಾಯ್ತಿಯಿಂದಲೇ ಬರೆದು ಬಂದಿತ್ತು. ಕಾರ್ಖಾನೆಯ ಹೊಸ ಕಾಂಪೌಂಡು ಹಟ್ಟಿಯ ಬೆನ್ನಿಗೇ ಬಂದು ನಿಂತದ್ದು ಎಲ್ಲರಿಗೂ ಕಾಣುತ್ತಿತ್ತು; ಆ ಜಾಗ ಯಾರಿಗೆ ಬೇಕಾಗಿದೆ ಎಂದು ಕೂಸಿಗೂ ಗೊತ್ತಿತ್ತು.

"ಒತ್ತಕಿಲ್ಲ," ಎಂದಳು ಮಾರಮ್ಮ.

ಕಲಗಚ್ಚಿನ ಬಕೆಟ್ಟು ಎತ್ತಿಕೊಂಡು, ಅದನ್ನು ಬಡಿಯುತ್ತ ಬೇಲಿ ದಾಟಿದಳು. ಬಣ್ಣ ಬಳಿದ ನಾಲ್ಕೂ ಹಂದಿಗಳು ಗುಟುರು ಹಾಕುತ್ತ ಹಿಂದೆ ಬಿದ್ದವು. ಊರ ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಮೈಲಿಗೆ ಮಾಡಿದೆಯಲ್ಲೇ ರಂಡೆ ಎಂದು ಅಶ್ವಥ್ ಅರಚುತ್ತ ಓಡಿಬಂದ. ಡಾಕ್ಟರು ರಕ್ತದ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತ ಹಿಂದೆ ಬಂದರು. ಮಾರಮ್ಮ ಅಶ್ವಥನ ಅಂಗಳದ ರಂಗೋಲಿಯ ಮೇಲೆ ಕಲಗಚ್ಚು ಸುರಿದಳು.

"ಬರ್ಕಳಿ ಸಾ. ಇವು ಈ ಮನೇವು. ನಾನು ಬರೀ ಸಾಕ್ದೋಳು."

ಯಾವಳೋ ಹುಚ್ಚಿ, ನಮ್ಮ ಕುಲದಲ್ಲಿ ಯಾರಾದರೂ ಹಂದಿ ಮುಟ್ಟುತ್ತಾರೆಯೇ ಎಂದು ಅಶ್ವಥ್ ನಕ್ಕ. ಡಾಕ್ಟರಿಗೂ ಅದೇ ಸರಿ ಅನ್ನಿಸಿರಬೇಕು, ಪೆನ್ನು ಜೇಬಿಗಿಟ್ಟರು.

ತೆಂಗಿನಕಾಯಿ ರಾಶಿಯ ಪಕ್ಕ ಮಚ್ಚು ಬಿದ್ದಿತ್ತು. ಮಾರಮ್ಮ ಅದನ್ನು ಕೈಗೆತ್ತಿಕೊಂಡಳು.

"ಯಾರ್ದೂ ಅಲ್ದಿದ್ ಮ್ಯಾಕೆ ಇಲ್ಲೇ ಕಡ್ದಾಕ್ತೀನಿ ಬುಡಿ," ಎಂದು ದೊಡ್ಡ ಹಂದಿಯ ಕಿವಿ ಹಿಡಿದು ಕುತ್ತಿಗೆಯ ಮೇಲೆ ಮಚ್ಚು ಎತ್ತಿದಳು.

"ಬ್ಯಾಡ ಕಣೇ! ಗಬ್ಬದ್ದು ಅದು, ಮುಂದಿನ್ ತಿಂಗ್ಳು ಈಯ್ತದೆ!"

ಅಶ್ವಥ್ ಬಾಯಿಗೆ ಕೈ ಅಡ್ಡ ಹಿಡಿದ, ಆದರೆ ಮಾತು ಆಗಲೇ ಆಚೆ ಬಂದಿತ್ತು. ಒಳಗಿನಿಂದ ಅವನ ಹೆಂಡತಿಯೂ ಮಕ್ಕಳೂ ಇಣುಕಿದರು. ಡಾಕ್ಟರು ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಪುಸ್ತಕದ ಹೊಸ ಹಾಳೆ ತಿರುವಿದರು. ಮನೆಯಲ್ಲಿ ಎಷ್ಟು ಜನ ಎಂದು ಅಶ್ವಥನನ್ನೇ ಕೇಳಿದರು. ಅವನು ಹೆಂಡತಿಯತ್ತ ತಿರುಗಿ ಬಾಗಿಲು ಹಾಕೆಂದು ಕೈಬೀಸಿದ.

ಮಾರಮ್ಮ ಮಚ್ಚು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

"ಆರು ಜನ ಸಾ. ಕೊಸರಾಡುದ್ರೆ ನಾನೇ ಹಿಡ್ಕತೀನಿ."